ಹುಟ್ಟಿನ ಗಳಿಗೆಯೂ ಹಿಮ್ಮಡಿಯ ರಕ್ತವೂ

ವಿಲೆ ಪಾರ್ಲೆಯ ಇರ್ಲಾ ಭಾಗದಲ್ಲಿ ನಾವು ನಿತ್ಯವೂ ಕಾಫಿ ಸೇವಿಸುವ ಹೋಟೆಲಿನ ತರುಣ ಸಪ್ಲಾಯರನೊಬ್ಬನು ಈಚೆಗೆ ಒಂದು ಸಂಜೆ, ಗಿರಾಕಿಗಳ ಸಂದಣಿ ಕರಗಿದ ಮೇಲೆ, ನಮ್ಮ ಮೇಜಿನ ಬಳಿಗೆ ಬಂದು ಜೇಬಿನಿಂದ ಒಂದು ಚೀಟಿಯನ್ನು ತೆಗೆದು ಮುಂದಿಟ್ಟನು. ಆರು ದಿನಗಳ ಹಿಂದೆ ಆತನ ಹೆಂಡತಿ ಉಪನಗರದ ಆಸ್ಪತ್ರೆಯೊಂದರಲ್ಲಿ ಹೆಣ್ಣು ಮಗುವನ್ನು ಹೆತ್ತಿದ್ದಳು. ಸುಖಪ್ರಸವವೇ ಆಗಿದ್ದುದರಿಂದಲೂ ಖರ್ಚಿಗೆ ಅಂಜಿದುದರಿಂದಲೂ ಆತನು ಮರುದಿನವೇ ತಾಯಿ ಮಗುವನ್ನು ಮನೆಗೆ ಕರೆತಂದಿದ್ದನು. ಹೊರಡುವ ಮುನ್ನ, ಮಗುವಿಗೆ ಇಪ್ಪತ್ತು ತಾಸು ತುಂಬಿದಾಗ, ಹಿಮ್ಮಡಿಯಿಂದ ಕೆಲವು ತೊಟ್ಟು ರಕ್ತವನ್ನು ತೆಗೆದಿದ್ದರು. ಚೀಟಿಯಲ್ಲಿ ‘ಟಿ.ಎಸ್.ಎಚ್. 28’ ಎಂದು ಬರೆದು, ಪುನಃ ಪರೀಕ್ಷೆಗೆ ಕರೆತರಬೇಕೆಂದು ಸೂಚಿಸಲಾಗಿತ್ತು.

“ಮೂರು ದಿನ ಬಿಟ್ಟು ಮತ್ಸ್ಯಗಂಧ ಗಾಡಿಗೆ ಟಿಕೇಟು ಆಗಿದೆ ಸ್ವಾಮೀ. ಬಾಣಂತನ ಕುಂದಾಪುರದಲ್ಲಿ. ಊರಿಗೆ ಹೋದ ಮೇಲೆ ತೋರಿಸಿದರೆ ಸಾಲದೇ?” ಎಂದು ಆತನು ಕೇಳಿದನು. ಮಗುವಿಗೆ ರೋಗವಿದೆಯೇ ಎಂದು ಕೇಳುವ ಧೈರ್ಯ ಆತನಿಗಿರಲಿಲ್ಲ. ಪ್ರಶ್ನೆ ಮಾತ್ರ ಮುಖದಲ್ಲಿತ್ತು. ನಮ್ಮಲ್ಲಿ ಉತ್ತರವಿರಲಿಲ್ಲವಾದುದರಿಂದ ಪರಿಚಿತ ಶಿಶುವೈದ್ಯರನ್ನು ವಿಚಾರಿಸಿದೆವು.

ಮಿದುಳಿನ ತಳದಲ್ಲಿ, ಎಲುಬಿನ ಒಂದು ಗುಳಿಯಲ್ಲಿ, ಪಿಟ್ಯುಟರಿ ಎಂಬ ಗ್ರಂಥಿಯಿದೆ. ವಯಸ್ಕರಲ್ಲಿಯೂ ಅದು ಬಟಾಣಿ ಕಾಳಿಗಿಂತ ದೊಡ್ಡದಲ್ಲ. ಹೆರಿಗೆಯ ನೋವೆಂದರೆ ನಾವು ತಾಯಿಯದನ್ನು ಮಾತ್ರ ಎಣಿಸುತ್ತೇವೆ. ಶಿಶುವಿನ ಪಾಡನ್ನು ಬಲ್ಲವರಾರು? ಗರ್ಭಕೋಶವು ಸಂಕುಚಿಸಿದಾಗಲೆಲ್ಲ ಅದರ ತಲೆ ಅದುಮಲ್ಪಡುತ್ತದೆ, ಪ್ರಾಣವಾಯುವಿನ ಪೂರೈಕೆ ಕ್ಷಣಕಾಲ ಕುಗ್ಗುತ್ತದೆ. ಆಗ ಈ ಪುಟ್ಟ ಗ್ರಂಥಿಯು ಎ.ಸಿ.ಟಿ.ಎಚ್. ಎಂಬ ಹಾರ್ಮೋನನ್ನು ಕಳುಹಿಸಿ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲನ್ನು ಹೊರಡಿಸುತ್ತದೆ. ಅದರ ಹಿಂಭಾಗದಿಂದ ಹೊರಬೀಳುವ ವ್ಯಾಸೊಪ್ರೆಸಿನ್ ಚರ್ಮದ ಮತ್ತು ಕರುಳಿನ ರಕ್ತನಾಳಗಳನ್ನು ಬಿಗಿದು, ರಕ್ತವನ್ನು ಮಿದುಳು ಹೃದಯಗಳ ಕಡೆಗೆ ತಿರುಗಿಸುತ್ತದೆ. ಸಹಜವಾಗಿ ಹುಟ್ಟಿದ ಶಿಶುವಿನ ಹೊಕ್ಕುಳಬಳ್ಳಿಯ ರಕ್ತದಲ್ಲಿ ಈ ವ್ಯಾಸೊಪ್ರೆಸಿನ್, ನೋವು ಬರುವ ಮೊದಲೇ ಶಸ್ತ್ರಕ್ರಿಯೆಯಿಂದ ತೆಗೆದ ಶಿಶುವಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹುಟ್ಟಿನ ಈ ಆಯಾಸವು ಸಾಮಾನ್ಯವಾಗಿ ಶಿಶುವಿಗೆ ಕೇಡಲ್ಲ, ಹೊರಗಿನ ಬಾಳಿಗೆ ಸಿದ್ಧತೆಯೆಂದು ಸ್ವೀಡನ್ನಿನ ಲಾಗರ್‌ಕ್ರಾಂಟ್ಸ್ ಮತ್ತು ಅಮೆರಿಕದ ಸ್ಲಾಟ್ಕಿನ್ ಎಂಬ ವಿಜ್ಞಾನಿಗಳು 1986ರಲ್ಲಿ ಬರೆದರು.

ನಮ್ಮ ತರುಣನ ಚೀಟಿಗೆ ಸಂಬಂಧಪಟ್ಟುದು ಇನ್ನೊಂದು ಹಾರ್ಮೋನು. ಥೈರಾಯ್ಡ್ ಗ್ರಂಥಿಯನ್ನು ಎಚ್ಚರಿಸುವ ಟಿ.ಎಸ್.ಎಚ್. ಸಹ ಪಿಟ್ಯುಟರಿಯದೇ. ತಾಯಿಯ ಒಡಲಿನ ಬಿಸುಪಿನಿಂದ ಹೊರಬಂದ ಶಿಶುವಿಗೆ ಚಳಿ ತಗಲಿದೊಡನೆ, ಬಳ್ಳಿ ಕತ್ತರಿಸಿದೊಡನೆ, ಅದು ಉಕ್ಕಿ ಬಂದು ಅರ್ಧ ತಾಸಿನೊಳಗೆ 60-80ರ ವರೆಗೂ ಏರುತ್ತದೆ. ಆರೋಗ್ಯವಂತ ಶಿಶುವಿನಲ್ಲಿ ಈ ಪ್ರವಾಹವು ಮೊದಲ ದಿನ ಬೇಗನೆಯೂ ಆಮೇಲೆ ಮೆಲ್ಲಗೂ ಇಳಿಯುತ್ತದೆ. ಆದಕಾರಣವೇ ಹಿಮ್ಮಡಿಯ ರಕ್ತವನ್ನು 48ರಿಂದ 72 ತಾಸುಗಳ ನಡುವೆ ತೆಗೆಯುವುದು ಉತ್ತಮ. ಇಪ್ಪತ್ತನೆಯ ತಾಸಿನ 28 ಹುಟ್ಟಿನ ಉಬ್ಬರದ ಶೇಷವೇ ಆಗಿರಬಹುದು; ನಿಜವಾದ ದೋಷವೂ ಆಗಿರಬಹುದು.

ದೋಷವಿದ್ದರೋ? ಹುಟ್ಟಿನಿಂದಲೇ ಥೈರಾಯ್ಡ್ ಕೆಲಸಮಾಡದ ಮಗು ನೋಡುವುದಕ್ಕೆ ಲಕ್ಷಣವಾಗಿಯೇ ಇರುತ್ತದೆ. ತಾಯಿಯಿಂದ ಬಂದ ಹಾರ್ಮೋನು ಕೆಲವು ಕಾಲ ಅದನ್ನು ಕಾಯುತ್ತದೆ. ಕಣ್ಣಿಗೆ ಕಾಣುವಷ್ಟು ಲಕ್ಷಣಗಳು ತೋರುವ ಹೊತ್ತಿಗೆ ಬುದ್ಧಿಯ ಬೆಳವಣಿಗೆಗೆ ಪೆಟ್ಟು ಬಿದ್ದಿರುತ್ತದೆ. ಎರಡು ವಾರದೊಳಗೆ ಔಷಧ ಆರಂಭವಾದರೆ ಹೆಚ್ಚಿನ ಮಕ್ಕಳು ಉಳಿದವರಂತೆಯೇ ಓದಿ ಬೆಳೆಯುತ್ತಾರೆ. ಆ ಔಷಧವೂ ಬೆಲೆಬಾಳುವುದಲ್ಲ: ಥೈರಾಕ್ಸಿನ್ ಗುಳಿಗೆಯನ್ನು ಅರೆದು ಎದೆಹಾಲಿನ ಕೆಲವು ಹನಿಗಳಲ್ಲಿ ಕೊಡುವುದು, ಅಷ್ಟೆ.

ನಮ್ಮ ಮುಂಬಯಿಗೆ ಈ ಪರೀಕ್ಷೆ ಹೊಸದಲ್ಲ. ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆಯ ಡಾ. ಮೀನಾ ದೇಸಾಯಿಯವರೂ ಅವರ ಸಂಗಡಿಗರೂ 1980ರ ದಶಕದಲ್ಲಿಯೇ ಸಾವಿರಾರು ನವಜಾತರನ್ನು ಪರೀಕ್ಷಿಸಿದ್ದರು. ಆನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಮುಂಬಯಿಯೂ ಸೇರಿ ಐದು ನಗರಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಶಿಶುಗಳನ್ನು ಪರೀಕ್ಷಿಸಿದಾಗ, ಸುಮಾರು 1,130ಕ್ಕೆ ಒಂದರಲ್ಲಿ ಈ ದೋಷ ಕಂಡುಬಂದಿತು. ಆದರೂ ಎಲ್ಲ ಆಸ್ಪತ್ರೆಗಳಲ್ಲಿ ಇದನ್ನು ತಾವಾಗಿ ಮಾಡುವುದಿಲ್ಲ, ಕೇಳಿ ಮಾಡಿಸಬೇಕು. ಬೇಗ ಮನೆಗೆ ಹೊರಡಲೇಬೇಕಾದವರಿಗೆ ಇನ್ನೊಂದು ದಾರಿಯಿದೆ. ಹೆರಿಗೆಯಾದೊಡನೆ ಹೊಕ್ಕುಳಬಳ್ಳಿಯ ರಕ್ತವನ್ನೇ ಪರೀಕ್ಷೆಗೆ ತೆಗೆದರೆ, ಉಬ್ಬರ ಏರುವ ಮೊದಲೇ ಕೆಲಸ ಮುಗಿದಿರುತ್ತದೆ. ನಮ್ಮವರಲ್ಲಿ ಬಹುಮಂದಿ ವಾರದೊಳಗೆ ಊರಿನ ಗಾಡಿ ಹತ್ತುವವರು. ಮರುಪರೀಕ್ಷೆಯ ಚೀಟಿ ಟ್ರಂಕಿನ ತಳ ಸೇರಿದರೆ, ಬಾಣಂತನದ ಗಡಿಬಿಡಿಯಲ್ಲಿ ಆ ಎರಡು ವಾರಗಳು ಕಳೆದುಹೋಗಲು ತಡವಿಲ್ಲ.

ಇಷ್ಟನ್ನೂ ನಾವು ಮರುದಿನ ಬೆಳಿಗ್ಗೆ ತರುಣನಿಗೆ ತಿಳಿಸಿದೆವು. ಹೋಟೆಲಿನ ಧಣಿಗಳು ಗಲ್ಲಾಪೆಟ್ಟಿಗೆಯ ಬಳಿ ಕುಳಿತೇ ಎಲ್ಲವನ್ನೂ ಕೇಳಿ, “ಮೊದಲು ಆಸ್ಪತ್ರೆಗೆ ಹೋಗು ಮಾರಾಯ, ಗಾಡಿ ನಾಳೆಯೂ ಉಂಟು” ಎಂದು ಆತನನ್ನು ಅರ್ಧ ಪಾಳಿಗೇ ಬಿಟ್ಟುಕೊಟ್ಟರು. ಹೊರಡುವ ದಿನ ಆತನು ಎರಡನೆಯ ಚೀಟಿಯನ್ನು ತಂದು ತೋರಿಸಿದನು. ಅದರಲ್ಲಿ 5 ಎಂದಿತ್ತು. ಕಾಫಿಯ ಹಣವನ್ನು ಆ ದಿನ ನಮ್ಮಿಂದ ತೆಗೆದುಕೊಳ್ಳಲಿಲ್ಲ.