ಸೌಂದರ್ಯ ತರಬೇತಿ ಮತ್ತು ಚರ್ಮದ ಕಾಯಿಲೆಗಳು: ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಸಂಜೀವಿನಿ ಸ್ವಸಹಾಯ ಗುಂಪುಗಳ ಮಹಿಳೆಯರು ಹಾಗೂ ಯುವತಿಯರು ಬ್ಯೂಟಿ ಪಾರ್ಲರ್ ತರಬೇತಿ ಪಡೆದು ಊರಿನಲ್ಲಿಯೇ ಉದ್ಯೋಗ ಆರಂಭಿಸುತ್ತಿದ್ದಾರೆ. ಮುಖ, ಕುತ್ತಿಗೆ, ಕೈಗಳ ಚರ್ಮವನ್ನು ಇವರಷ್ಟು ಸಮೀಪದಿಂದ ನೋಡುವವರು ಗ್ರಾಮದಲ್ಲಿ ವಿರಳ. ಯಾರಿಗೆ ಸೇವೆ ನೀಡಬಹುದು, ಯಾರನ್ನು ಮೊದಲು ವೈದ್ಯರ ಬಳಿಗೆ ಕಳುಹಿಸಬೇಕು ಎಂಬ ವಿವೇಚನೆ ಅವರಿಗೆ ಅತ್ಯಗತ್ಯ.

1. ಹರಡುವ ಕಾಯಿಲೆಗಳು
ಅಂಚು ಉಬ್ಬಿದ ಉಂಗುರದಾಕಾರದ ಕಲೆಯು ಸಾಮಾನ್ಯವಾಗಿ ಹುಳುಕಡ್ಡಿ. ಇದು ಶಿಲೀಂಧ್ರದಿಂದ ಬರುತ್ತದೆ. ಬೆರಳ ಸಂದುಗಳಲ್ಲಿ ಗುಳ್ಳೆಗಳೆದ್ದು ರಾತ್ರಿ ತುರಿಕೆ ಹೆಚ್ಚಾದರೆ ಕಜ್ಜಿಯಿರಬಹುದು; ಇದಕ್ಕೆ ಮನೆಮಂದಿಯೆಲ್ಲ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಕೀವುಗುಳ್ಳೆ, ನರೂಲಿ, ಹೇನು ಸಹ ಹರಡುವಂಥವೇ. ಇಂತಹ ಸಂದರ್ಭದಲ್ಲಿ ಗುಣವಾಗುವವರೆಗೆ ಸೇವೆಯನ್ನು ಮುಂದೂಡಬೇಕು. ಟವೆಲ್, ಬಾಚಣಿಗೆಗಳನ್ನು ಪ್ರತಿ ಗ್ರಾಹಕರ ನಂತರ ಶುಚಿಗೊಳಿಸಬೇಕು. ಹೆಪಟೈಟಿಸ್-ಬಿ ಯಂತಹ ಸೋಂಕು ರಕ್ತದ ಮೂಲಕ ಹರಡುವುದರಿಂದ ಒಬ್ಬರಿಗೆ ಬಳಸಿದ ಬ್ಲೇಡನ್ನು ಇನ್ನೊಬ್ಬರಿಗೆ ಬಳಸಕೂಡದು.

2. ಹರಡದ ಸ್ಥಿತಿಗಳು
ತೊನ್ನು, ಬಂಗು, ಸೋರಿಯಾಸಿಸ್, ಮೊಡವೆ ಇವು ಮುಟ್ಟಿದರೆ ಅಂಟುವುದಿಲ್ಲ. ಚರ್ಮಕ್ಕೆ ಬಣ್ಣ ನೀಡುವ ಕೋಶಗಳು ನಾಶವಾಗುವುದರಿಂದ ತೊನ್ನು ಉಂಟಾಗುತ್ತದೆ. ತೊನ್ನುಳ್ಳವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುವುದು ಅಜ್ಞಾನ ಮಾತ್ರವಲ್ಲ, ಅನ್ಯಾಯವೂ ಹೌದು. ಆದರೆ ತೊನ್ನು ಮತ್ತು ಸೋರಿಯಾಸಿಸ್ ಇರುವವರಲ್ಲಿ ಗಾಯವಾದ ಜಾಗದಲ್ಲಿ ಹೊಸ ಕಲೆ ಮೂಡಬಹುದು. ವ್ಯಾಕ್ಸಿಂಗ್ ಮಾಡುವಾಗ ಎಚ್ಚರಿಕೆ ಅಗತ್ಯ.

3. ಸ್ಪರ್ಶಜ್ಞಾನವಿಲ್ಲದ ಮಚ್ಚೆ
ತಿಳಿಬಣ್ಣದ ಅಥವಾ ಕೆಂಪು ಛಾಯೆಯ ಮಚ್ಚೆಯಲ್ಲಿ ಸ್ಪರ್ಶ, ಬಿಸಿ, ನೋವು ತಿಳಿಯದಿದ್ದರೆ ಅದು ಕುಷ್ಠರೋಗದ ಲಕ್ಷಣವಿರಬಹುದು. ಅದನ್ನು ಬ್ಲೀಚ್ ಅಥವಾ ಮೇಕಪ್‌ನಿಂದ ಮರೆಮಾಚಿದರೆ ಅಮೂಲ್ಯ ಸಮಯ ವ್ಯರ್ಥವಾಗಿ, ನರಗಳಿಗೆ ಹಾನಿಯಾಗಿ, ಅಂಗವೈಕಲ್ಯ ಉಂಟಾಗಬಹುದು. ಬಹುಔಷಧ ಚಿಕಿತ್ಸೆಯು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ರೋಗದ ಸ್ವರೂಪವನ್ನು ಅನುಸರಿಸಿ 6 ಅಥವಾ 12 ತಿಂಗಳ ಚಿಕಿತ್ಸೆಯಿಂದ ಸಂಪೂರ್ಣ ಗುಣವಾಗುತ್ತದೆ. ಇಂತಹ ಮಚ್ಚೆ ಕಂಡಲ್ಲಿ ವ್ಯಕ್ತಿಗೆ ಮಾತ್ರ ಗುಟ್ಟಾಗಿ ತಿಳಿಸಿ, ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು.

4. ಸ್ಟಿರಾಯ್ಡ್ ಕ್ರೀಮ್‌ಗಳು
ಮುಖ ಬೆಳ್ಳಗಾಗುವುದೆಂದು ಕೆಲವರು ಸ್ಟಿರಾಯ್ಡ್ ಕ್ರೀಮ್ ಹಚ್ಚುತ್ತಾರೆ. ದೀರ್ಘಕಾಲ ಹಚ್ಚಿದರೆ ಚರ್ಮ ತೆಳುವಾಗಿ, ಮೊಡವೆ ಹಾಗೂ ಕೂದಲು ಹೆಚ್ಚುತ್ತವೆ. ಹುಳುಕಡ್ಡಿಗೆ ಹಚ್ಚಿದಾಗ ತುರಿಕೆ ತಾತ್ಕಾಲಿಕವಾಗಿ ಶಮನಗೊಂಡರೂ ಸೋಂಕು ಒಳಗೊಳಗೇ ಹರಡುತ್ತದೆ. ವೈದ್ಯರ ಚೀಟಿಯಿಲ್ಲದೆ ಇವುಗಳನ್ನು ಪಾರ್ಲರ್‌ಗಳಲ್ಲಿ ಬಳಸುವುದಾಗಲಿ, ಸೂಚಿಸುವುದಾಗಲಿ ಸಲ್ಲದು.

ಸದಸ್ಯರ ಪಾತ್ರ
ತರಬೇತಿಗೆ ಆಯ್ಕೆಯಾದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಂದ ಒಂದು ದಿನದ ಮಾಹಿತಿ ಕೊಡಿಸಲು ಸದಸ್ಯರು ಮುತುವರ್ಜಿ ವಹಿಸಬಹುದು. ಪ್ರತಿ ವರ್ಷ ಜನವರಿ 30ರ ಸ್ಪರ್ಶ್ ಕುಷ್ಠರೋಗ ಅರಿವು ಗ್ರಾಮಸಭೆಗೆ ಪಾರ್ಲರ್ ನಡೆಸುವವರನ್ನೂ ಆಹ್ವಾನಿಸುವುದು ಸೂಕ್ತ. ಕಾಯಿಲೆ ಗುರುತಿಸಿ ಹೆಸರಿಡುವುದು ವೈದ್ಯರ ಕೆಲಸ. ಅನುಮಾನ ಬಂದಾಗ ಕೈ ತಡೆದು, ದಾರಿ ತೋರಿಸುವುದು ಈ ಸಹೋದರಿಯರ ಕೆಲಸ. ಆ ಒಂದು ಕ್ಷಣದ ಎಚ್ಚರಿಕೆಯಿಂದ ಒಬ್ಬರ ಕೈಬೆರಳುಗಳು ಉಳಿಯಬಹುದು.