ಬಂದೂಕಿಗೆ ಮೊದಲು ದುರ್ಬೀನು

ಅಮೆರಿಕದಲ್ಲಿ ಕಾಡುಬಾತು ಬೇಟೆಯ ಮೊದಲ ಪಾಠ ಗುರಿಯಿಡುವುದಲ್ಲ, ನೋಡುವುದು. ಅನುಭವಿ ಬೇಟೆಗಾರ ಒಂದೆರಡು ದಿನ ಮುಂಚೆಯೇ ದುರ್ಬೀನು ಹಿಡಿದು ಜೌಗುನೆಲ, ಕೊಯ್ಲಾದ ಹೊಲಗಳ ಬಳಿ ಕಾದು ಕೂರುತ್ತಾನೆ. ಬಾತುಗಳು ಎಲ್ಲಿ ಮೇಯುತ್ತವೆ? ಎಷ್ಟು ಹೊತ್ತಿಗೆ ಬರುತ್ತವೆ? ಗಾಳಿ ಯಾವ ಕಡೆಯಿಂದ ಬೀಸುತ್ತಿದೆ? ಬಾತು ಇಳಿಯುವುದು ಗಾಳಿಗೆ ಎದುರಾಗಿ. ನೋಡುವುದೂ ದೂರದಿಂದಲೇ, ಬೆದರಿದ ಹಿಂಡು ಜಾಗವನ್ನೇ ಬಿಟ್ಟೀತು. ಜಾತಿ ಗುರುತಿಸಲೂ ಬರಬೇಕು. ಏಕೆಂದರೆ ದಿನಕ್ಕೆ ಇಂತಿಷ್ಟೇ ಹಕ್ಕಿ ಎಂಬ ಮಿತಿಯುಂಟು. ಕೆಲವು ಜಾತಿಗಳಿಗೆ ಅದು ಇನ್ನೂ ಬಿಗಿ.

ಈ ಮಿತಿಯ ಹಿಂದೆ ಕಹಿ ಅನುಭವವಿದೆ. 1930ರ ದಶಕದ ಬರದಲ್ಲಿ ಜೌಗುಗಳು ಒಣಗಿ ಬಾತುಗಳು ತೀರಾ ಕಡಿಮೆಯಾದವು. 1934ರಲ್ಲಿ ಬೇಟೆಗಾರರಿಗೆ ‘ಡಕ್ ಸ್ಟಾಂಪ್’ ಕಡ್ಡಾಯವಾಯಿತು. ಅದರ ಹಣ ಜೌಗುನೆಲದ ರಕ್ಷಣೆಗೆ. 1955ರಿಂದ ಅಮೆರಿಕ, ಕೆನಡಾಗಳ ತಜ್ಞರು ಮೇ ತಿಂಗಳ ಹೊತ್ತಿಗೆ ವಿಮಾನದಲ್ಲಿ ತಗ್ಗಾಗಿ ಹಾರುತ್ತ ಬಾತುಗಳನ್ನು ಎಣಿಸುತ್ತಾರೆ. ಬೇಟೆಯ ದಿನಗಳು, ಮಿತಿ ನಿಗದಿಯಾಗುವಾಗ ಈ ಎಣಿಕೆಯೇ ಮುಖ್ಯ ಆಧಾರ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಬಾತು ಬೇಟೆ ಅಪರಾಧ. ಆದರೆ ನೋಡುವ, ಎಣಿಸುವ ವಿದ್ಯೆಗೆ ಅಡ್ಡಿಯಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಕ್ಕಳ ಕೈಗೊಂದು ದುರ್ಬೀನು, ಒಂದು ನೋಟ್‌ಬುಕ್ ಕೊಟ್ಟು ನೋಡಿ. ಎಣಿಸಲು ಕಲಿತವರಿಗೇ ಕಡಿಮೆಯಾಗುತ್ತಿರುವುದೂ ಮೊದಲು ತಿಳಿಯುವುದು.