ಮುಳ್ಳುಬೇಲಿಯೊಳಗಿನ ಕತೆ

ಕ್ಲಾಡ್ ಲಾಂಝ್‌ಮಾನ್ ಅವರ ‘ಶೋಆ’ ಸಾಕ್ಷ್ಯಚಿತ್ರ ಒಂಬತ್ತು ಗಂಟೆಗೂ ಮಿಕ್ಕಿದ್ದು. 1985ರಲ್ಲಿ ತೆರೆಕಂಡ ಆ ಚಿತ್ರ ಶುರುವಾಗುವುದು ಪೋಲೆಂಡಿನ ನೇರ್ ನದಿಯ ಮೇಲೆ, ದೋಣಿಯಲ್ಲಿ ಕೂತು ಹಾಡುವ ಸೈಮನ್ ಸ್ರೆಬ್ನಿಕ್ ಎಂಬುವರಿಂದ. ಅವರು ಹುಡುಗನಾಗಿದ್ದಾಗ ನಾಜಿಗಳು ಇದೇ ನದಿಯಲ್ಲಿ ಅವರಿಂದ ಹಾಡಿಸುತ್ತಿದ್ದರು. ಊರು ಖೆಲ್ಮ್‌ನೊ. ಅಲ್ಲಿ ಕೋಟೆ ಎಂದು ಕರೆಯುತ್ತಿದ್ದ ಒಂದು ಹಳೆಯ ಬಂಗಲೆಯಿತ್ತು. 1941ರ ಡಿಸೆಂಬರಿನಿಂದ ಯಹೂದಿಗಳನ್ನು ಅಲ್ಲಿಗೆ ಕರೆತಂದು, ಸ್ನಾನಕ್ಕೆಂದು ಬಟ್ಟೆ ಬಿಚ್ಚಿಸಿ, ನೆಲಮಾಳಿಗೆಯ ದಾರಿಯಾಗಿ ಮುಚ್ಚಿದ ಲಾರಿಗೆ ಹತ್ತಿಸುತ್ತಿದ್ದರು. ಇಂಜಿನ್ನಿನ ಹೊಗೆಯನ್ನು ಲಾರಿಯ ಒಳಕ್ಕೇ ತಿರುಗಿಸಲಾಗುತ್ತಿತ್ತು. ಹೆಣಗಳು ಹತ್ತಿರದ ಕಾಡಿಗೆ ಹೋಗುತ್ತಿದ್ದವು. ಹೀಗೆ ಸತ್ತವರು ಒಂದೂವರೆ ಲಕ್ಷಕ್ಕೂ ಹೆಚ್ಚು.

ಅಮೆರಿಕದ ಲೇಖಕಿ ಜೇನ್ ಯೋಲೆನ್ ಅವರಿಗೆ ತಮ್ಮ ಕಾದಂಬರಿ ಸಿಕ್ಕಿದ್ದು ಈ ಚಿತ್ರ ನೋಡುವಾಗ. ಕಾಲ್ಪನಿಕ ಕತೆಗಳನ್ನು ಬರೆಯುತ್ತ, ಜನಪದ ಕತೆಗಳನ್ನು ಸಂಗ್ರಹಿಸುತ್ತ ಬಂದವರು ಅವರು. ಕೋಟೆ, ಮುಳ್ಳುತಂತಿ, ಜನರನ್ನು ಒಟ್ಟಿಗೇ ಮಲಗಿಸಿಬಿಡುವ ಹೊಗೆ ಎಂದು ಕೇಳಿದರೆ ಅಂಥವರ ಕಿವಿ ನೆಟ್ಟಗಾಗದೆ ಇದ್ದೀತೆ? ಕದಿರು ಚುಚ್ಚಿ ನೂರು ವರ್ಷ ನಿದ್ದೆಹೋದ ರಾಜಕುಮಾರಿಯ ಕತೆಯಲ್ಲೂ ಇರುವುದು ಇವೇ.

ಗ್ರಿಮ್ ಸಹೋದರರು 1812ರಲ್ಲಿ ಅಚ್ಚುಹಾಕಿದ ಆ ಕತೆಯನ್ನು ನಾವು ಸೌಮ್ಯವಾದದ್ದು ಎಂದುಕೊಂಡಿದ್ದೇವೆ. ಅದರಲ್ಲೂ ಎಷ್ಟೋ ರಾಜಕುಮಾರರು ಕೋಟೆಯ ಸುತ್ತ ಬೆಳೆದ ಮುಳ್ಳುಬೇಲಿಗೆ ಸಿಕ್ಕಿ ಒದ್ದಾಡಿ ಸಾಯುತ್ತಾರೆ. ಕತ್ತಲು ಮೊದಲಿನಿಂದಲೇ ಅಲ್ಲಿತ್ತು. ಯೋಲೆನ್ ಅವರಿಗೆ ತೊಡಕಾದದ್ದು ಕತೆಯ ಕೊನೆ. ಗ್ರಿಮ್ ಕತೆಯಲ್ಲಿ ರಾಜಕುಮಾರಿ ಕಣ್ಣು ಬಿಟ್ಟೊಡನೆ ಅರಮನೆಗೆ ಅರಮನೆಯೇ ಏಳುತ್ತದೆ. ಲಾಯದ ಕುದುರೆಗಳು ಮೈ ಕೊಡವುತ್ತವೆ, ಗೋಡೆಯ ನೊಣಗಳು ತೆವಳುತ್ತವೆ. ಅಡಿಗೆಯವನು ಹುಡುಗನಿಗೆ ಕೊಡಬೇಕೆಂದಿದ್ದ ಏಟನ್ನು ಈಗ ಕೊಟ್ಟೇಬಿಡುತ್ತಾನೆ. ನನಗೆ ತುಂಬ ಇಷ್ಟವಾದ ವಿವರ ಅದು. ಆದರೆ ಖೆಲ್ಮ್‌ನೊದಲ್ಲಿ ಹಾಗೆ ಎದ್ದವರು ಯಾರು?

1992ರಲ್ಲಿ ಬಂದ ‘ಬ್ರಯರ್ ರೋಸ್’ ಕಾದಂಬರಿಯಲ್ಲಿ ಅವರು ಈ ಗಂಟನ್ನು ಒಬ್ಬ ಅಜ್ಜಿಯ ಬಾಯಿಂದ ಬಿಡಿಸಿದ್ದಾರೆ. ಜೆಮ್ಮಾ ಮೊಮ್ಮಕ್ಕಳಿಗೆ ಮತ್ತೆ ಮತ್ತೆ ಹೇಳುವುದು ಇದೊಂದೇ ಕತೆ. ಆದರೆ ಅವಳ ಕತೆಯಲ್ಲಿ ಕೋಟೆಯನ್ನು ಮಂಜು ಮುತ್ತುತ್ತದೆ. ಏಳುವವಳು ರಾಜಕುಮಾರಿ ಒಬ್ಬಳೇ, ಉಳಿದವರೆಲ್ಲ ಮಲಗಿದವರು ಮಲಗಿದಂತೆಯೇ. ಸಾಯುವ ಮುಂಚೆ ಅಜ್ಜಿ ಆ ರಾಜಕುಮಾರಿ ತಾನೇ ಎನ್ನುತ್ತಾಳೆ. ಮುದುಕಿಯ ಬಡಬಡಿಕೆ ಎಂದು ಮನೆಯವರು ತಳ್ಳಿಹಾಕಿದರೂ ಕಿರಿಯ ಮೊಮ್ಮಗಳು ಬೆಕಾ ನಂಬುತ್ತಾಳೆ. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಹಳೆಯ ಫೋಟೊ, ಕಾಗದಪತ್ರಗಳ ಜಾಡು ಹಿಡಿದು ಪೋಲೆಂಡಿಗೆ ಹೋಗುತ್ತಾಳೆ. ಹೆಣಗಳ ಗುಂಡಿಯಿಂದ ಒಬ್ಬ ಹುಡುಗಿಯನ್ನು ಮೇಲೆತ್ತಿದ ಭೂಗತ ಹೋರಾಟಗಾರರ ವಿಷಯ ಅಲ್ಲಿ ಅವಳಿಗೆ ತಿಳಿಯುತ್ತದೆ. ಅವಳ ಬಾಯಿಗೆ ಬಾಯಿಟ್ಟು ಉಸಿರು ತುಂಬಿದ್ದರು; ಕತೆಯ ಮುತ್ತು ಅದು. ಈ ಪುಟಗಳನ್ನು ಓದಿದ ಮೇಲೆ ರಾಜಕುಮಾರನ ಮುತ್ತನ್ನು ಮೊದಲಿನಂತೆ ಓದಲು ನನ್ನಿಂದ ಆಗಿಲ್ಲ.

ಜೆಮ್ಮಾ ಈ ಕತೆಯನ್ನು ಹೇಳಿದ್ದು ನಿಜವನ್ನು ಮುಚ್ಚಿಡಲು ಎಂದು ಮೊದಲು ಅನಿಸುತ್ತದೆ. ನನಗೆ ತೋರುವುದು ಬೇರೆ. ಹೊಸ ದೇಶದಲ್ಲಿ, ಪುಟ್ಟ ಮಕ್ಕಳ ಎದುರು, ಅವಳಿಗೆ ಬಾಯಿಬಿಟ್ಟು ಆಡಲು ಉಳಿದಿದ್ದ ಮಾತು ಅದೊಂದೇ. ಪುರಾವೆಗೆ ಕಾಗದಪತ್ರ ಸಾಕಿತ್ತು. ಆದರೆ ಕತೆ ಗೊತ್ತಿಲ್ಲದಿದ್ದರೆ ಆ ಕಾಗದಗಳನ್ನು ಏಕೆ ಹುಡುಕಬೇಕು ಎಂದೇ ಬೆಕಾಳಿಗೆ ತಿಳಿಯುತ್ತಿರಲಿಲ್ಲ.

ಮರುವರ್ಷ ಈ ಕಾದಂಬರಿಗೆ ಮಿಥೊಪೊಯಿಕ್ ಪ್ರಶಸ್ತಿ ಬಂತು. ಪುಸ್ತಕದ ಕೊನೆಯ ಟಿಪ್ಪಣಿಯಲ್ಲಿ ಯೋಲೆನ್ ತಮ್ಮ ನಾಯಕಿಯ ಬಗ್ಗೆ ಯಾವ ಭ್ರಮೆಗೂ ಎಡೆಗೊಡುವುದಿಲ್ಲ: ಖೆಲ್ಮ್‌ನೊದಿಂದ ಬದುಕಿ ಬಂದ ಒಬ್ಬ ಹೆಂಗಸೂ ತಮಗೆ ತಿಳಿದಂತೆ ಇಲ್ಲ ಎಂದು ನೇರವಾಗಿ ಬರೆದಿದ್ದಾರೆ.